ನಮ್ಮ ಮನೆಯ ಸೋಫಾ ನಾಟಕಕ್ಕೆ ಹೋದ ದಿನ

ನಾಟಕದ ಚರಿತ್ರೆ ಬರೆಯುವ ದೊಡ್ಡವರು ಕಂಪನಿಗಳ ಬಗ್ಗೆ ಬರೆಯುತ್ತಾರೆ, ನಟರ ಬಗ್ಗೆ ಬರೆಯುತ್ತಾರೆ, ಪರದೆಯ ಮೇಲಿದ್ದ ಅರಮನೆ, ಕಾಡು, ಬೀದಿಗಳ ಬಗ್ಗೆಯೂ ಪುಟಗಟ್ಟಲೆ ಬರೆಯುತ್ತಾರೆ. ರಂಗದ ಮೇಲಿದ್ದ ಸೋಫಾ ಯಾರ ಮನೆಯದು ಎಂದು ಒಬ್ಬರಾದರೂ ಬರೆದದ್ದನ್ನು ನಾನು ಕಾಣೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಆ ಸೋಫಾ ನಮ್ಮ ಮನೆಯದು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಜಯನಗರ ಆಗ ಹೊಸ ಬಡಾವಣೆ. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿತ್ತಲ ಬಾಗಿಲು ತೆರೆದರೆ ರಾಗಿ ಹೊಲ. ಬಸವನಗುಡಿಯ ವಠಾರದಲ್ಲಿ ಹತ್ತು ಸಂಸಾರಗಳ ನಡುವೆ ಬದುಕಿದ್ದ ಅಮ್ಮನಿಗೆ ಇಲ್ಲಿಗೆ ಬಂದ ಮೊದಲ ವರ್ಷ ಮಾತಾಡಲು ಜನವಿಲ್ಲದೆ ನಾಲಗೆಯೇ ತುಕ್ಕು ಹಿಡಿಯಿತಂತೆ. ಹಾಗಂತ ಅವಳೇ ಹೇಳುತ್ತಿದ್ದಳು. ಅವಳ ನಾಲಗೆಗೆ ತುಕ್ಕು ಹಿಡಿದದ್ದನ್ನು ನಾನಂತೂ ನೋಡಲಿಲ್ಲ.

ಸಂಜೆ ಆರಾದರೆ ಮಾಡಲು ಏನೂ ಇರದಂಥ ಇಂಥ ಬಡಾವಣೆಗಳಲ್ಲೇ ಆಗ ನಾಟಕದ ಸಂಘಗಳು ಹುಟ್ಟಿಕೊಂಡವು. ಕಚೇರಿಯ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬಿಬ್ಬರು ವಕೀಲರು ಸೇರಿದರೆ ಒಂದು ಸಂಘ. ಕಂಪನಿಯವರಿಗೆ ನಾಟಕ ಹೊಟ್ಟೆಪಾಡು. ನಮ್ಮ ಸಂಘದವರಿಗೆ ಅದು ಹೊಟ್ಟೆ ತುಂಬಿದ ಮೇಲಿನ ಉಸಾಬರಿ. ಸಂಬಳದ ಕೆಲಸ ಬೆಳಗ್ಗೆ ಹತ್ತರಿಂದ ಐದರವರೆಗೆ ಇದ್ದುದರಿಂದ ನಾಟಕವೂ ಸಣ್ಣದಾಯಿತು. ಸಂಜೆ ಐದೂವರೆಗೆ ಶುರುವಾದರೆ ಏಳೂವರೆಗೆ ಮುಗಿಯಬೇಕು, ದೂರದವರಿಗೆ ಬಸ್ಸು ಸಿಗಬೇಕು. ಬೆಳಗಾಗುವ ತನಕ ಹಾಡುತ್ತ ಕೂರಲು ಯಾರಿಗೆ ಪುರುಸೊತ್ತು?

ನಾಟಕದೊಳಗಿನ ಜನವೂ ಬದಲಾದರು. ಅಪ್ಪ ಹುಡುಗರಾಗಿದ್ದಾಗ ಡೇರೆಯಲ್ಲಿ ನೋಡಿದ ನಾಟಕಗಳಲ್ಲಿ ರಾಜ ಎಲ್ಲಿಗೆ ಹೋದರೂ ಪರದೆ ಅವನ ಹಿಂದೆಯೇ ಬರುತ್ತಿತ್ತು. ಅರಮನೆ ಬೇಕೆಂದರೆ ಅರಮನೆ ಇಳಿಯುತ್ತಿತ್ತು, ಕಾಡು ಬೇಕೆಂದರೆ ಕಾಡು. ನಮ್ಮ ಸಂಘದ ನಾಟಕದಲ್ಲಿ ರಾಜನೂ ಇಲ್ಲ, ಋಷಿಯೂ ಇಲ್ಲ. ಇದ್ದವರು ನಿವೃತ್ತ ಶಿರಸ್ತೇದಾರರು, ಮದುವೆಗೆ ಬಂದ ಅವರ ಮಗಳು, ಬಾಡಿಗೆಗಿದ್ದ ಮೇಷ್ಟ್ರು, ಸಾಲದ್ದಕ್ಕೆ ಒಬ್ಬ ತುಂಟ ಅಡುಗೆಯವನು. ಇಂಥವರನ್ನು ಅರಮನೆಯ ಪರದೆ ಮುಂದೆ ನಿಲ್ಲಿಸಿದರೆ ಜನ ನಗುವುದಿಲ್ಲವೇ? ಅವರಿಗೆ ನಿಜವಾದ ಸೋಫಾ ಬೇಕು, ನಿಜವಾದ ಗಡಿಯಾರ ಬೇಕು, ಹಬೆಯಾಡುವ ನಿಜವಾದ ಕಾಫಿ ಬೇಕು. ಕೊಳ್ಳಲು ಸಂಘಕ್ಕೆ ಶಕ್ತಿಯಿಲ್ಲ. ಹೀಗಾಗಿ ಕನ್ನಡ ನಾಟಕದ ಒಂದು ದೊಡ್ಡ ಬದಲಾವಣೆ ನಮ್ಮಮ್ಮನ ನಡುಮನೆಯ ಮೇಲೆ ಬಂದು ಬಿತ್ತು.

ನಮ್ಮಣ್ಣ ಸಂಘದ ಕಾರ್ಯದರ್ಶಿ. ನಾಟಕದ ದಿನ ಹತ್ತಿರ ಬಂದ ಹಾಗೆ ಅವನ ಕಣ್ಣು ಮನೆಯ ಸಾಮಾನುಗಳ ಮೇಲೆ ಓಡಾಡಲು ಶುರುವಾಗುತ್ತಿತ್ತು. ಸೋಫಾ, ಎರಡು ಬೆತ್ತದ ಕುರ್ಚಿ, ಗೋಡೆ ಗಡಿಯಾರ, ಕಿಟಕಿಯ ಪರದೆ, ಜಮಖಾನ, ಬೆಳ್ಳಿಯ ಕಾಫಿ ಲೋಟಗಳು, ಎಲ್ಲ ನಾಟಕ ನಡೆಯುವ ಶಾಲೆಯ ಹಾಲಿಗೆ ಹೋಗಿ ಅಲ್ಲಿ ಶಿರಸ್ತೇದಾರರ ಮನೆಯಾಗುತ್ತಿದ್ದವು. ನಮ್ಮ ಮನೆಯಲ್ಲಿ ಇಲ್ಲದ್ದು ಪಕ್ಕದ ಮನೆಯಿಂದ. ಪ್ರೇಕ್ಷಕರಲ್ಲಿ ಅರ್ಧ ಜನ ತಮ್ಮ ಸಾಮಾನು ನೋಡಲೆಂದೇ ಬರುತ್ತಿದ್ದರು. "ನಮ್ಮ ಟೀಪಾಯಿ ಮೇಲೆ ಬಿಸಿ ಲೋಟ ಇಡ್ತಾ ಇದಾನಲ್ಲ, ಮುಂಡೇದು" ಎಂದು ಒಂದು ಸಲ ದುಃಖದ ದೃಶ್ಯದ ನಡುವೆ ಎದ್ದ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಈ ಸಾಮಾನು ಸಾಗಿಸುತ್ತಿದ್ದದ್ದು ಚಿಕ್ಕಲಸಂದ್ರದ ಒಬ್ಬರು ಗೌಡರು. ಎತ್ತಿನ ಗಾಡಿಯಲ್ಲಿ ನಮ್ಮ ಕಡೆಗೆ ಸೌದೆ, ತರಕಾರಿ ತರುತ್ತಿದ್ದರು. ಅವರ ಊರಿನಲ್ಲಿ ಅವರೇ ದುರ್ಯೋಧನ. ಹಾರ್ಮೋನಿಯಂ ಮೇಷ್ಟ್ರನ್ನು ಮೂರು ತಿಂಗಳು ಊರಿನಲ್ಲೇ ಇಟ್ಟುಕೊಂಡು, ಕಂದಪದ್ಯ ಕಲಿತು, ಬಾಡಿಗೆ ಕಿರೀಟ ತೊಟ್ಟು ಗದೆ ಬೀಸಿದವರು. ನಮ್ಮ ನಾಟಕ ಅವರಿಗೆ ಒಂದು ಚೂರೂ ಒಪ್ಪಿಗೆಯಾಗಿರಲಿಲ್ಲ.

"ಇದೇನ್ ನಾಟ್ಕ ಸ್ವಾಮಿ? ಕಿರೀಟ ಇಲ್ಲ, ಗದೆ ಇಲ್ಲ, ಮನೇಲ್ ಕೂತಂಗೆ ಕೂತ್ಕೊಂಡು ಕಾಪಿ ಕುಡೀತೀರಾ! ಇದ್ನ ನೋಡಕ್ಕೆ ಜನ ಯಾಕ್ ಬರ್ಬೇಕು, ಅವ್ರವ್ರ ಮನೇಲೇ ನೋಡ್ಕೊಂಡ್ರಾಯ್ತು" ಎಂದು ಸೋಫಾ ಎತ್ತುತ್ತ ಅಣ್ಣನನ್ನು ಕಿಚಾಯಿಸುತ್ತಿದ್ದರು. ಹಾಗೆ ಬೈಯುತ್ತಲೇ ಪ್ರತಿ ನಾಟಕಕ್ಕೂ ಕೊನೆಯ ಬೆಂಚಿನಲ್ಲಿ ಕೂತು ಪೂರ್ತಿ ನೋಡುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಮಿಡ್ಲ್ ಸ್ಕೂಲಿನಲ್ಲಿ ಟೀಚರು. ನನ್ನ ಅಕ್ಷರ ಗುಂಡಗಿದೆ ಎಂದು ಅಣ್ಣ ನಾಟಕದ ಪ್ರತಿ ತೆಗೆಯುವ ಕೆಲಸ ನನಗೆ ಕೊಟ್ಟ. ಅನುಮತಿಗೆಂದು ಪೊಲೀಸರಿಗೆ ಒಂದು ಪ್ರತಿ ಕೊಡಬೇಕಿತ್ತು, ರಿಹರ್ಸಲ್ಲಿಗೆ ಒಂದು, ಪ್ರಾಂಪ್ಟ್ ಮಾಡುವವರಿಗೆ ಒಂದು. ಮೂರು ಸಲ ಬರೆದ ಮೇಲೆ ಇಡೀ ನಾಟಕ ನನಗೆ ಬಾಯಿಪಾಠವಾಗುತ್ತಿತ್ತು. ಪಾತ್ರ ಮಾಡುವವರಿಗೆ ಮಾತ್ರ ಆಗುತ್ತಿರಲಿಲ್ಲ. ಇಡೀ ದಿನ ಫೈಲು ತಿರುವಿ, ಸಂಜೆ ರಿಹರ್ಸಲ್ಲಿಗೆ ಬಂದು, ಮನೆಗೆ ಹೋಗಿ ಅಳುವ ಮಗುವನ್ನು ಎತ್ತಿಕೊಂಡು ಓಡಾಡುವವರಿಗೆ ಮಾತು ಎಲ್ಲಿ ನೆನಪಿರಬೇಕು? ಹಾಗಾಗಿ ಪ್ರಾಂಪ್ಟ್ ಮಾಡುವ, ಅಂದರೆ ಮರೆಯಿಂದ ಮಾತು ಹೇಳಿಕೊಡುವ ಕೆಲಸವೂ ನನ್ನದೇ ಆಯಿತು. ರಂಗದ ಮೇಲಿನ ಮನೆಗೆ ಒಂದು ಕಿಟಕಿ, ಅದಕ್ಕೆ ನಮ್ಮ ಮನೆಯ ತೆಳು ಪರದೆ, ಅದರ ಹಿಂದೆ ಒಂದು ಸ್ಟೂಲಿನ ಮೇಲೆ ನೋಟ್‌ಬುಕ್ಕು ಹಿಡಿದುಕೊಂಡು ನಾನು. ನಟರೆಲ್ಲ ಆ ಕಿಟಕಿಯ ಸುತ್ತಲೇ ಸುಳಿದಾಡುತ್ತಿದ್ದರು. ಹೊಸದಾಗಿ ನೋಡಿದವರು ಈ ಮನೆಯವರಿಗೆ ಹೊರಗಿನ ಗಾಳಿಯ ಮೇಲೆ ಬಹಳ ಆಸೆ ಎಂದುಕೊಂಡಿರಬೇಕು.

ಮಗಳ ಪಾತ್ರ ಮಾಡುತ್ತಿದ್ದವರು ಬ್ಯಾಂಕಿನ ಗುಮಾಸ್ತರು, ಎರಡು ಮಕ್ಕಳ ತಂದೆ. ಬೇರೆ ಕಡೆಯ ಕೆಲವು ಸಂಘಗಳಲ್ಲಿ ಹೆಂಗಸರು ಆಗಲೇ ರಂಗದ ಮೇಲೆ ಬರತೊಡಗಿದ್ದರು. ನಮ್ಮ ಬಡಾವಣೆಗೆ ಬಸ್ಸೇ ತಡವಾಗಿ ಬಂದದ್ದು, ಇದು ಇನ್ನೂ ತಡ. ಹುಡುಗಿಯೊಬ್ಬಳು ಕಿಟಕಿಯ ಹಿಂದೆ ಕೂತರೆ ಪರವಾಗಿಲ್ಲ, ಮುಂದೆ ಬಂದರೆ ಮಾನ ಹೋಯಿತು. ಈ ಲೆಕ್ಕ ಯಾರು ಹಾಕಿದರೋ ನನಗೆ ಗೊತ್ತಿಲ್ಲ. ಆಗ ಎಲ್ಲರೂ ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ. ಆ ಸ್ಟೂಲಿನ ಮೇಲೆ ಕೂತ ಎರಡು ಗಂಟೆ ನನಗೆ ಎಷ್ಟು ಪ್ರಿಯವಾಗಿತ್ತೆಂದರೆ ಅದನ್ನೂ ಕಿತ್ತುಕೊಳ್ಳದಿದ್ದರೆ ಸಾಕಾಗಿತ್ತು.

ಕಿತ್ತುಕೊಳ್ಳುವ ಕಾಲ ಬಂದಿತ್ತು. ನನಗೆ ಇಪ್ಪತ್ತಮೂರು ದಾಟಿತ್ತು. ಆಗಲೇ ಮೂರು ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಹೇಳಿ ಹೋಗಿದ್ದರು. ಒಬ್ಬರ ಕಾಗದವೂ ಬರಲಿಲ್ಲ. ಮೂರನೆಯವರಿಗೆ ಯಾರೋ, "ಹುಡುಗಿ ನಾಟಕದವರ ಜೊತೆ ಓಡಾಡ್ತಾಳೆ" ಎಂದು ಹೇಳಿದ್ದರಂತೆ. ಅಂದಿನಿಂದ ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಗಂಡಿನ ಕಡೆಯವರ ಮುಂದೆ ನಾಟಕದ ಸುದ್ದಿ ಎತ್ತಕೂಡದು. ಮದುವೆ ಗೊತ್ತಾದ ದಿನವೇ ನೋಟ್‌ಬುಕ್ಕು ಅಣ್ಣನಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ನನಗೆ ಮದುವೆ ಬೇಡವೇನೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮದುವೆಯೂ ಬೇಕಿತ್ತು, ಆ ಕಿಟಕಿಯೂ ಬೇಕಿತ್ತು. ಎರಡನ್ನೂ ಕೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಆಗ ಮೈಸೂರಿನಿಂದ ನಾಲ್ಕನೆಯ ಸಂಬಂಧ ಬಂತು. ಹುಡುಗ ಕಚೇರಿಯಲ್ಲಿ ಗುಮಾಸ್ತ, ತಂದೆ ಇಲ್ಲ, ತಾಯಿ ಇದ್ದಾರೆ. ಜಾತಕ ಕೂಡಿತು. ಫೋಟೋ ಬಂತು. ತಲೆ ನೀಟಾಗಿ ಬಾಚಿಕೊಂಡು, ಯಾರೋ ಬೈದ ಹಾಗೆ ಕೂತಿದ್ದರು. ನನಗೆ ಆ ಮುಖ ಹಿಡಿಸಿತ್ತು. ಆಮೇಲೆ ಕಾಗದ ಬಂತು. ದ್ವಾದಶಿ ಪಾರಣೆ ಮುಗಿಸಿ ಹೊರಟು ಸಾಯಂಕಾಲ ನಾಲ್ಕು ಗಂಟೆಗೆ ತಮ್ಮಲ್ಲಿಗೆ ಬರುತ್ತೇವೆ ಎಂದು ಬರೆದಿದ್ದರು. ತಾರೀಕು ಬರೆದಿರಲಿಲ್ಲ. ತಾರೀಕೆಲ್ಲ ಕಚೇರಿಗೆ, ನಮ್ಮವರ ನಡುವೆ ತಿಥಿ ಹೇಳಿದರೆ ಮುಗಿಯಿತು.

ಅಪ್ಪ ಪಂಚಾಂಗ ತೆಗೆದರು. ಭಾನುವಾರ ಏಕಾದಶಿ, ಸೋಮವಾರ ದ್ವಾದಶಿ.

"ಸೋಮವಾರ ಯಾರಾದ್ರೂ ಹೆಣ್ಣು ನೋಡೋಕೆ ಬರ್ತಾರೇನ್ರೀ?" ಎಂದು ಅಮ್ಮ ಕೇಳಿದಳು.

"ಭಾನುವಾರ ಏಕಾದಶಿ ಅಲ್ವೇನೆ? ಆಚಾರವಂತರು. ಅದಕ್ಕೇ ರಜಾ ಹಾಕ್ಕೊಂಡು ಸೋಮವಾರ ಬರ್ತಾ ಇದಾರೆ. ಅಂಥ ಮನೆತನ!" ಎಂದು ಅಪ್ಪ ಉಬ್ಬಿಹೋದರು.

ನಾಟಕ ಇದ್ದದ್ದು ಆ ಭಾನುವಾರವೇ. ಒಂದು ದಿನದ ಅಂತರ. ನಾಟಕ ಮುಗಿಸಿ, ಸಾಮಾನು ವಾಪಸು ತಂದು, ಸೋಮವಾರ ನಾಲ್ಕರ ಹೊತ್ತಿಗೆ ಮನೆ ಮನೆಯಂತೆ ಕಾಣಬೇಕು ಎಂದು ಅಪ್ಪ ಅಣ್ಣನಿಂದ ಮಾತು ತೆಗೆದುಕೊಂಡರು. ಇದೇ ಕೊನೆಯ ಸಲ ಎಂದು ನನಗೂ ಹೇಳಿದರು.

ಯಾರಿಗೂ ಹೊಳೆಯದೇ ಹೋದದ್ದು ಒಂದೇ. ನಮ್ಮ ಮನೆಯಲ್ಲಿದ್ದದ್ದು ಒಂದು ಮಠದ ಪಂಚಾಂಗ, ಅವರ ಮನೆಯಲ್ಲಿದ್ದದ್ದು ಇನ್ನೊಂದು ಮಠದ್ದು. ದೇವರೂ ಅದೇ, ಮೈಮೇಲಿನ ಮುದ್ರೆಯೂ ಅದೇ, ಉಪವಾಸವೂ ಅದೇ. ಆದರೆ ಗಣಿತದ ಕ್ರಮ ಬೇರೆಯಾದ್ದರಿಂದ ವರ್ಷದಲ್ಲಿ ಕೆಲವು ಏಕಾದಶಿ ಒಂದು ದಿನ ಹಿಂದು ಮುಂದಾಗುತ್ತಿತ್ತು. ಅವರು ಶನಿವಾರ ಉಪವಾಸ ಮುಗಿಸಿ, ಭಾನುವಾರ ನಸುಕಿನಲ್ಲೇ ಪಾರಣೆ ಮಾಡಿ ರೈಲು ಹತ್ತಿದ್ದರು.

ಮನೆಯಲ್ಲಿ ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಮಧ್ಯಾಹ್ನ ಮೂರಕ್ಕೇ ನಾನು, ಅಣ್ಣ ಶಾಲೆಯ ಹಾಲಿಗೆ ಹೋಗಿದ್ದೆವು. ಅಮ್ಮ ಮುಂದೆ ನೂರು ಸಲ ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಅಪ್ಪ ನಿರ್ಜಲ ಉಪವಾಸದಲ್ಲಿ ಬರಿಯ ನೆಲದ ಮೇಲೆ ಒರಗಿದ್ದರು. ಬಾಗಿಲು ತೆಗೆದರೆ ಹುಡುಗ, ಅವನ ತಾಯಿ, ಸೋದರಮಾವ. ಅಪ್ಪನ ಬಾಯಿಂದ ಹೊರಟ ಮಾತು, "ಇವತ್ತು ಏಕಾದಶಿ!"

"ನಿನ್ನೆ ಆಯ್ತಲ್ಲ" ಎಂದರು ಸೋದರಮಾವ. ನಸುಕಿನಲ್ಲಿ ಉಂಡ ಊಟ ಅವರ ಹೊಟ್ಟೆಯಲ್ಲಿ ಆಗಲೇ ಕರಗಿಹೋಗಿತ್ತು.

ಒಳಗೆ ಬಂದವರಿಗೆ ಕೂರಲು ಏನೂ ಇಲ್ಲ. ಸೋಫಾ ಇಲ್ಲ, ಕುರ್ಚಿ ಇಲ್ಲ, ಕಿಟಕಿಗೆ ಪರದೆ ಇಲ್ಲ, ನೆಲಕ್ಕೆ ಹಾಸಲು ಜಮಖಾನ ಇಲ್ಲ. ಗೋಡೆಯ ಮೇಲೆ ಗಡಿಯಾರ ಇದ್ದ ಜಾಗದಲ್ಲಿ ಒಂದು ಬಿಳಿಯ ಗುರುತು. ಜಪ್ತಿಯಾದ ಮನೆಯ ಹಾಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಒಲೆ ಹಚ್ಚಿಲ್ಲ, ತಿಂಡಿ ಇಲ್ಲ. ಹಾಲು ಕೊಡೋಣವೆಂದರೆ ಲೋಟಗಳಿಲ್ಲ. ಪಕ್ಕದ ಮನೆಗೆ ಓಡಿದರೆ ಅವರ ಲೋಟಗಳೂ ನಾಟಕದಲ್ಲೇ ಇದ್ದವು, ಅವರೂ ಅಲ್ಲಿಗೇ ಹೋಗಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹುಡುಗಿಯೇ ಇಲ್ಲ.

"ಹುಡುಗಿ ಸ್ನೇಹಿತೆ ಮನೆಗೆ..." ಎಂದು ಅಪ್ಪ ಶುರುಮಾಡಿದರಂತೆ. ಅಷ್ಟರಲ್ಲಿ ಹೊರಗೆ ಗಾಡಿಯ ಗಂಟೆ. ಕೊನೆಯ ಖೇಪಿಗೆ ಟೋಪಿ ಸ್ಟ್ಯಾಂಡು ಒಯ್ಯಲು ಗೌಡರು ಬಂದಿದ್ದರು. ನಿಂತೇ ಇದ್ದ ನೆಂಟರನ್ನೂ ಅಪ್ಪನ ಮುಖವನ್ನೂ ನೋಡಿ ಅವರು ಉಪಕಾರ ಮಾಡಲು ಮುಂದಾದರು.

"ಸೋಪಾ ಅಲ್ಲೈತೆ, ಕುರ್ಚಿ ಅಲ್ಲೈತೆ, ಕಾಪಿನೂ ಅಲ್ಲೇ ಐತೆ. ಇವ್ರನ್ನ ಇಲ್ಯಾಕೆ ನಿಲ್ಸಿದೀರಾ ಸ್ವಾಮಿ? ಗಾಡಿ ಹತ್ಲಿ, ಕರ್ಕೊಂಡೋಯ್ತೀನಿ. ಅಕ್ಕಯ್ಯನೂ ಅಲ್ಲೇ ಅವ್ರೆ. ಅವ್ರು ಹೇಳ್ಕೊಡ್ದಿದ್ರೆ ಆ ನಾಟ್ಕದೋರ ಬಾಯಲ್ಲಿ ಒಂದ್ ಮಾತೂ ಹೊರಡಕ್ಕಿಲ್ಲ!"

ಅಪ್ಪ ಬಚ್ಚಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಬಯಲಾಯಿತು. ಅಪ್ಪ ಗೋಡೆ ಹಿಡಿದುಕೊಂಡರಂತೆ. ಹುಡುಗನ ತಾಯಿ, "ಬೆಳಗ್ಗೆ ರೈಲಿಗೆ ವಾಪಸ್ ಹೋಗ್ಬೇಕು. ನೋಡ್ಬೇಕಾದ್ರೆ ಇವತ್ತೇ ನೋಡ್ಬೇಕು" ಎಂದು ಹೇಳಿ ಗಾಡಿಯ ಕಡೆ ನಡೆದರು. ಹೀಗೆ ಗಂಡಿನ ಕಡೆಯವರು ಟೋಪಿ ಸ್ಟ್ಯಾಂಡಿನ ಜೊತೆ ಎತ್ತಿನ ಗಾಡಿಯಲ್ಲಿ ನಾಟಕಕ್ಕೆ ಹೊರಟರು. ಅಪ್ಪ ಅಮ್ಮ ಹಿಂದೆ ನಡೆದು ಬಂದರು.

ಇತ್ತ ನನಗೆ ಇದೊಂದೂ ಗೊತ್ತಿಲ್ಲ. ಕೊನೆಯ ಸಲ ಎಂಬ ಸಂಕಟ ಇದ್ದರೂ ನಾಟಕ ಚೆನ್ನಾಗಿ ಏರುತ್ತಿತ್ತು. ಎರಡು ಅಂಕ ಮುಗಿದವು. ಮೂರನೆಯ ಅಂಕದಲ್ಲಿ ಶಿರಸ್ತೇದಾರರು ಮಗಳನ್ನು ಬಡ ಮೇಷ್ಟ್ರಿಗೆ ಕೊಡುವುದಿಲ್ಲವೆಂದು ಹಾರಾಡುತ್ತಾರೆ. ಆಮೇಲೆ ಮಗಳು ಬಂದು ಮಾತಾಡುತ್ತಾಳೆ. ನಾಟಕದ ಜೀವ ಇದ್ದದ್ದು ಆ ನಾಲ್ಕು ಪುಟಗಳಲ್ಲಿ. ಅವಳ ಮಾತು ಕೇಳಿ ಅವರು ಕರಗಿ ಒಪ್ಪಿಗೆ ಕೊಡುತ್ತಾರೆ.

ಶಿರಸ್ತೇದಾರರು ಹಾರಾಡುತ್ತಿದ್ದ ಹೊತ್ತಿಗೆ ನಾನು ಪರದೆಯ ಸಂದಿಯಿಂದ ಹಾಗೇ ಹೊರಗೆ ನೋಡಿದೆ. ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು. ಒಂದು ದಿನವೂ ನಮ್ಮ ನಾಟಕದ ಕಡೆ ತಲೆ ಹಾಕದ ಅಪ್ಪ! ಪಕ್ಕದಲ್ಲಿ ಅಮ್ಮ, ಮುಖ ಬಿಳುಚಿಕೊಂಡಿದೆ. ಆಚೆಗೆ ಯಾರೋ ಹೆಂಗಸು. ಅವರ ಪಕ್ಕದಲ್ಲಿ ಫೋಟೋದಲ್ಲಿದ್ದ ಆ ಬಾಚಿದ ತಲೆ.

ಹೋಯಿತು, ಇದೂ ಹೋಯಿತು ಅನ್ನಿಸಿತು. ರಂಗದ ಮೇಲೆ ಶಿರಸ್ತೇದಾರರು ಮಾತು ಮುಗಿಸಿ ಕಿಟಕಿಯ ಹತ್ತಿರ ಬಂದು ನಿಂತಿದ್ದರು. ನಾನು ಗಾಬರಿಯಲ್ಲಿ ಪುಟ ಮಗುಚಿ, ಕಂಡ ಮೊದಲ ಸಾಲನ್ನು ಪಿಸುಗುಟ್ಟಿದೆ. "ಆಯ್ತು, ನನ್ನ ಒಪ್ಪಿಗೆ ಇದೆ."

"ಆಯ್ತು, ನನ್ನ ಒಪ್ಪಿಗೆ ಇದೆ!" ಎಂದು ಅವರು ಇಡೀ ಹಾಲ್ ಅದುರುವಂತೆ ಹೇಳಿಬಿಟ್ಟರು. ನಮ್ಮ ಸಂಘದವರ ಗುಣವೇ ಅದು. ಕಿಟಕಿಯಿಂದ ಏನು ಬಂದರೂ ವೇದವಾಕ್ಯ.

ಎರಡು ಹಾಳೆ ಒಟ್ಟಿಗೆ ಮಗುಚಿದ್ದೆ. ಆ ನಾಲ್ಕು ಪುಟ ಹೋಗಿತ್ತು. ಮಗಳ ಮಾತಿಗಾಗಿ ಒಂದು ತಿಂಗಳು ಕಷ್ಟಪಟ್ಟಿದ್ದ ಬ್ಯಾಂಕಿನವರು ಸೀರೆಯ ನೆರಿಗೆ ಹಿಡಿದುಕೊಂಡು ಒಳಗೆ ಬಂದಾಗ ಮದುವೆ ಗೊತ್ತಾಗಿಬಿಟ್ಟಿತ್ತು. ಅವರು ಕಿಟಕಿಯ ಕಡೆ ನೋಡಿದ ನೋಟ ನಾನು ಜನ್ಮಕ್ಕೂ ಮರೆಯುವುದಿಲ್ಲ. ಹಿಂದಕ್ಕೆ ಹೋಗುವಂತಿರಲಿಲ್ಲ. ಮಂಗಳ ಹಾಡಿ ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು. ಏನೂ ಅರ್ಥವಾಗದಿದ್ದಾಗ ತಟ್ಟುತ್ತಾರಲ್ಲ, ಹಾಗೆ.

ಅಣ್ಣ ಹಲ್ಲು ಕಡಿಯುತ್ತ ಬಂದ. ನಾನು ಅವನಿಗೆ ಮಾತಾಡಲು ಬಿಡಲಿಲ್ಲ. "ಅಪ್ಪ ಬಂದಿದಾರೆ. ಅವ್ರೂ ಬಂದಿದಾರೆ" ಎಂದೆ. ಅವನ ಕೋಪ ಅಲ್ಲೇ ಇಳಿಯಿತು.

ಜನ ಖಾಲಿಯಾದ ಮೇಲೆ ಅಪ್ಪ ನೆಂಟರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದರು. ಬೇರೆಲ್ಲಿಗೆ ಕರೆದೊಯ್ಯಬೇಕು? ನಮ್ಮ ನಡುಮನೆ ಇದ್ದದ್ದೇ ಅಲ್ಲಿ. ಹುಡುಗನ ತಾಯಿ ನಮ್ಮ ಸೋಫಾದ ಮೇಲೆ ಕೂತರು, ಹುಡುಗ, ಸೋದರಮಾವ ನಮ್ಮ ಬೆತ್ತದ ಕುರ್ಚಿಗಳಲ್ಲಿ. ನಾಟಕಕ್ಕೆಂದು ಮಾಡಿದ್ದ ಕಾಫಿ ಇನ್ನೂ ಉಳಿದಿತ್ತು. ಅಮ್ಮ ಅದನ್ನೇ ಬಿಸಿ ಮಾಡಿಸಿ ನಮ್ಮ ಬೆಳ್ಳಿ ಲೋಟಗಳಲ್ಲಿ ತಂದುಕೊಟ್ಟಳು. ಸೋದರಮಾವ ಒಂದು ಕ್ಷಣ ಬ್ಯಾಂಕಿನವರನ್ನೇ ಹುಡುಗಿ ಎಂದುಕೊಂಡರು ಎಂದು ಕಾಣುತ್ತದೆ. ಅವರ ಮುಖದಲ್ಲಿ ಅಷ್ಟು ದಿಗಿಲಿತ್ತು.

ನಾನು ಕಿಟಕಿಯ ಹಿಂದಿನಿಂದ ಎದ್ದು ಬಂದೆ. ಹಳೆಯ ನೂಲಿನ ಸೀರೆ, ಬೆರಳಿಗೆಲ್ಲ ಶಾಯಿ, ಕೆದರಿದ ತಲೆ. ಅಮ್ಮ ಒಂದು ಸಲ ನನ್ನನ್ನು ನೋಡಿ, ಬ್ಯಾಂಕಿನವರ ಚೌರಿಯಿಂದ ಮಲ್ಲಿಗೆ ಕಿತ್ತು ನನ್ನ ಜಡೆಗೆ ಸಿಕ್ಕಿಸಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಸಿಕ್ಕಿಸಿದಳು. ಬಚ್ಚಿಡಲು ಇನ್ನೇನು ಉಳಿದಿತ್ತು? ವಿಚಿತ್ರವೆಂದರೆ ಆ ಹೊತ್ತಿಗೆ ನನ್ನ ಭಯ ಅರ್ಧ ಹೋಗಿತ್ತು. ಹಿಂದಿನ ಮೂರು ಸಲವೂ ಜಮಖಾನದ ಮೇಲೆ ತಲೆ ತಗ್ಗಿಸಿ ಕೂತು, ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಬೆವರಿದ್ದೆ. ಈ ಸಲ ಗೊತ್ತಾಗುವುದೆಲ್ಲ ಗೊತ್ತಾಗಿತ್ತು.

ಇನ್ನು ಹಾಡಲು ಹೇಳುತ್ತಾರೆ, ನನಗೆ ಹಾಡಲು ಬರುವುದಿಲ್ಲ ಎಂದು ಕಾಯುತ್ತಿದ್ದೆ. ಹುಡುಗನ ತಾಯಿ ಲೋಟ ಕೆಳಗಿಟ್ಟು ನನ್ನ ಕಡೆ ಬಗ್ಗಿದರು.

"ಅಲ್ಲಮ್ಮ, ಆ ಶಿರಸ್ತೇದಾರ ಅಷ್ಟು ಹಾರಾಡ್ತಿದ್ದೋನು ಇದ್ದಕ್ಕಿದ್ದ ಹಾಗೆ ಯಾಕೆ ಒಪ್ಕೊಂಡ? ನಂಗೆ ತಲೆಬುಡ ತಿಳೀಲಿಲ್ಲ."

"ಅದು ನನ್ನ ತಪ್ಪು. ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟೆ" ಎಂದೆ.

"ಯಾಕಮ್ಮ?"

"ನಿಮ್ಮನ್ನೆಲ್ಲ ನೋಡಿ."

ಹುಡುಗ ನಕ್ಕರು. ಫೋಟೋದಲ್ಲಿ ಇದ್ದವರು ಹೀಗೆ ನಗಬಲ್ಲರು ಎಂದು ನಾನು ಅಂದುಕೊಂಡಿರಲಿಲ್ಲ. ಅವರ ತಾಯಿ ಮಾತ್ರ ನಗಲಿಲ್ಲ. ಅವರಿಗೆ ಕಥೆ ಬೇಕಿತ್ತು. "ಬಿಟ್ಟುಹೋದದ್ದು ಏನು, ಅದನ್ನ ಹೇಳು" ಎಂದರು.

ನಾನು ಅಣ್ಣನನ್ನು ನೋಡಿದೆ, ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದರು. ನಿಂತಲ್ಲೇ ನಿಂತು ಶುರುಮಾಡಿದೆ. ನೋಟ್‌ಬುಕ್ಕು ಬೇಕಿರಲಿಲ್ಲ. ಮೊದಲು ಅಡುಗೆಯವನ ಮಾತು, ಆಮೇಲೆ ಶಿರಸ್ತೇದಾರರದು. ರೂಢಿಯಂತೆ ಪಿಸುಗುಟ್ಟುತ್ತಿದ್ದೆ.

"ಕೇಳಿಸ್ತಾ ಇಲ್ಲ" ಎಂದು ಹಾಲಿನ ಕೊನೆಯಿಂದ ಒಂದು ದನಿ ಬಂತು. ಗೌಡರು ತಮ್ಮ ಬೆಂಚು ಬಿಟ್ಟಿರಲಿಲ್ಲ. "ಗಟ್ಯಾಗ್ ಹೇಳಿ ಅಕ್ಕಯ್ಯ!"

ದನಿ ಏರಿಸಿದೆ. ನನ್ನ ದನಿ ಅಷ್ಟು ದೂರ ಹೋಗುತ್ತದೆಂದು ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ. ಶಿರಸ್ತೇದಾರರ ಗತ್ತು ಬಂತು, ಅಡುಗೆಯವನ ತುಂಟತನ ಬಂತು. ಸೋದರಮಾವ ನಕ್ಕು ಕಾಫಿ ಚೆಲ್ಲಿಕೊಂಡರು. ಮಗಳ ಮಾತಿನ ಹತ್ತಿರ ಬಂದಾಗ ನಿಂತುಬಿಟ್ಟೆ. ಆ ಮಾತನ್ನು ಅಪ್ಪನ ಎದುರಿಗೆ ಹೇಗೆ ಹೇಳುವುದು? ಬ್ಯಾಂಕಿನವರು ಹೇಳಿದರೆ ಅದು ನಾಟಕ.

"ಆಮೇಲೆ?" ಎಂದರು ಹುಡುಗ. ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು.

ಹೇಳಿದೆ. "ಅಪ್ಪ, ಇಷ್ಟು ವರ್ಷ ನೀವು ನನ್ನ ಜಾತಕವನ್ನು ಊರೂರಿಗೆ ಕಳಿಸಿದಿರಿ. ಕಂಡವರ ಮುಂದೆ ಕೂರಿಸಿದಿರಿ. ಒಂದು ಸಲವಾದರೂ ನನ್ನ ಎದುರಿಗೆ ನೀವು ಕೂರಲಿಲ್ಲ. ನನಗೆ ಏನು ಇಷ್ಟ ಎಂದು ಕೇಳಿದ್ದರೆ ನಾನು ಹೇಳುತ್ತಿದ್ದೆ. ಅದು ದೊಡ್ಡ ವಿಷಯವೇನಲ್ಲ. ನೀವು ಕೇಳಿದ್ದರೆ ಚಿಕ್ಕದಾಗಿಯೇ ಮುಗಿದುಹೋಗುತ್ತಿತ್ತು." ಇದಕ್ಕೆ ಶಿರಸ್ತೇದಾರರು ಬಹಳ ಹೊತ್ತು ಸುಮ್ಮನಿರಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದಿತ್ತು. ನಾನೂ ಸುಮ್ಮನಿದ್ದೆ. ಆಮೇಲೆ ಅವರ ಮಾತು ಹೇಳಿದೆ. "ಕೂತ್ಕೊ, ಈಗ ಹೇಳು."

ಹುಡುಗನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿದರು. ದನಿಯಲ್ಲಿ ಕೋಪವೇ ಇತ್ತು.

"ಇಷ್ಟು ಚೆನ್ನಾಗಿ ಮಾತಾಡೋ ಹುಡುಗೀನ ಕಿಟಕಿ ಹಿಂದೆ ಯಾಕೆ ಕೂಡಿಸಿದೀರಿ? ನಮ್ಮ ಮನೆಗೆ ಬಂದ ಮೇಲೆ ನಾನಂತೂ ಹಾಗೆ ಕೂಡಿಸೋಳಲ್ಲ."

ಅಪ್ಪ ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡರು. ಬೆಳಗ್ಗಿನಿಂದ ನೀರೂ ಕುಡಿಯದ ಗಂಟಲು, ಮಾತು ಒಣಗಿ ಬಂತು.

"ಇವಳು ಮಾತಾಡೋದನ್ನ ನಾನೂ ಇವತ್ತೇ ಕೇಳಿದ್ದು" ಎಂದರು.

ಅಷ್ಟು ಹೇಳಿ, ನಾನು ನಿಂತೇ ಇದ್ದೆನಲ್ಲ, ಕಿಟಕಿಯ ಹಿಂದಿದ್ದ ನನ್ನ ಸ್ಟೂಲನ್ನು ಎಳೆದು ತಮ್ಮ ಎದುರಿಗೆ ಹಾಕಿದರು. ಕೂತೆ. ಮೈಯೆಲ್ಲ ಹಗುರವಾಗಿತ್ತು. ಇನ್ನು ಮೈಸೂರಿನವರು ಒಪ್ಪಲಿ, ಬಿಡಲಿ, ನನಗೆ ಚಿಂತೆಯಿಲ್ಲ ಅನ್ನಿಸಿತು. ಅವರು ಒಪ್ಪಿದರು.